ತಮ್ಮ ದಿನವಿಡೀ ಡೆಫ್ ಫ್ರೆಂಡ್ಸ್ ಜೊತೆ ವಿಡಿಯೋ ಕಾಲ್‌ನಲ್ಲೇ ಇರ್ತಾನೆ, ಬಿಡಿಸ್ಬೇಕಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೀನಿ, ಊರು ರಾಣೆಬೆನ್ನೂರು. ನನ್ನ ತಮ್ಮನಿಗೆ 23 ವರ್ಷ. ಹುಟ್ಟಿನಿಂದ ಎರಡೂ ಕಿವಿ ಕೇಳಲ್ಲ, ಮಷೀನ್ ಹಾಕಿದ್ರೂ ಜೋರು ಸದ್ದು ಮಾತ್ರ ಗೊತ್ತಾಗುತ್ತೆ. ಚಿಕ್ಕವನಿದ್ದಾಗ ಅವ್ವ ಏಳು ವರ್ಷ ಅವನನ್ನ ಕರ್ಕೊಂಡು ಸ್ಪೀಚ್ ಥೆರಪಿಗೆ ಅಲೆದಿದ್ದಾಳೆ, ಮನೆಯವರಿಗೆ ಅರ್ಥ ಆಗೋಷ್ಟು ಮಾತಾಡ್ತಾನೆ. ಮೈಸೂರಲ್ಲಿ ಡಿಪ್ಲೊಮಾ ಮುಗಿಸಿ ಬಂದು ಒಂದೂವರೆ ವರ್ಷ ಆಯ್ತು, ಕೆಲಸ ಇಲ್ಲ. ದಿನಾ ಐದಾರು ಗಂಟೆ ಕಾಲೇಜಿನ ಡೆಫ್ ಹುಡುಗರ ಜೊತೆ ವಿಡಿಯೋ ಕಾಲ್. ಈಗ ತಿಂಗಳಿಗೊಮ್ಮೆ ಭಾನುವಾರ ಬೆಂಗಳೂರಿನ ಡೆಫ್ ಮೀಟಿಂಗ್‌ಗೆ ಹೋಗ್ತೀನಿ ಅಂತ ಹಟ. ಅವರ ಜೊತೆ ಸೇರಿದ್ರೆ ಇರೋ ನಾಲ್ಕು ಮಾತೂ ಮರೀತಾನೆ, ಯಾರೋ ಕೆಡಿಸ್ತಾರೆ, ಅಲ್ಲೇ ಯಾರನ್ನಾದ್ರೂ ಮದುವೆ ಆಗ್ತೀನಿ ಅಂದ್ರೆ ಏನ್ ಮಾಡೋದು ಅಂತ ಅಪ್ಪ. ಮದುವೆ ಮನೆಗೆ ಕರ್ಕೊಂಡು ಹೋದ್ರೆ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತ್ಕೋತಾನೆ. ನೆಟ್‌ವರ್ಕಿಂಗ್ ಬೇಕು ಅಂತ ನಮ್ಮ ಆಫೀಸಲ್ಲಿ ಎಲ್ಲರೂ ಹೇಳ್ತಾರೆ, ಕಿವಿ ಕೇಳದವನಿಗೆ ಇದರಿಂದ ನಿಜವಾಗ್ಲೂ ಉಪಯೋಗ ಇದೆಯಾ? ಕಳಿಸ್ಬೇಕಾ, ತಡೀಬೇಕಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿರೋದು ಮೂರು ವಿಷ್ಯ, ಮಾತು ಮರೆತುಹೋಗುತ್ತಾ, ಆ ಸಹವಾಸದಿಂದ ಕೆಡ್ತಾನಾ, ಕೆಲಸಕ್ಕೆ ಇದರಿಂದ ಏನಾದ್ರೂ ದಾರಿ ಆಗುತ್ತಾ. ನಾಲ್ಕನೇದೊಂದು ಕೇಳದೆ ಬಿಟ್ಟಿದ್ದೀರಿ ಅನ್ಸುತ್ತೆ, ಅದು ಬಹುಶಃ ನಿಮ್ಮ ಅವ್ವನ ಮನಸ್ಸಲ್ಲಿರೋದು, ಇವನು ನಮ್ಮಿಂದ ದೂರ ಹೋಗ್ತಿದ್ದಾನಾ ಅಂತ. ನಾನು ಸ್ಪೀಚ್ ಥೆರಪಿ ಓದಿದವಳು, ಆಮೇಲೆ ಡೆಫ್ ಯುವಕರ ಉದ್ಯೋಗದ ಕೌನ್ಸೆಲಿಂಗ್‌ಗೆ ಬಂದೆ, ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ವಾರಕ್ಕೊಂದಾದ್ರೂ ನನ್ನ ಹತ್ರ ಬರುತ್ತೆ.

ಮೊದಲು ಮಾತಿನ ವಿಷ್ಯ. ಸೈನ್, ಅಂದ್ರೆ ಕೈಯಲ್ಲಿ ಮಾತಾಡೋ ಸನ್ನೆ ಭಾಷೆ, ಕಲಿತ್ರೆ ಬಾಯಿಮಾತು ಹೋಗುತ್ತೆ ಅನ್ನೋದು ಹಳೇ ಭಯ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ದೊಡ್ಡ ಸಮ್ಮೇಳನ ನಡೆದು, ಶಾಲೆಗಳಲ್ಲಿ ಬಾಯಿಮಾತಿನಲ್ಲೇ ಕಲಿಸಬೇಕು ಅಂತ ನಿರ್ಣಯ ಮಾಡಿದ್ರು, ಅಲ್ಲಿ ಓಟು ಹಾಕಿದವರೆಲ್ಲ ಹೆಚ್ಚುಕಮ್ಮಿ ಕಿವಿ ಕೇಳೋರೇ. ಅದರ ನೆರಳು ನೂರು ವರ್ಷಕ್ಕಿಂತ ಹೆಚ್ಚು ಕಾಲ ಜಗತ್ತಿನ ಶಾಲೆಗಳ ಮೇಲಿತ್ತು, 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಸೇರಿ ಆ ನಿರ್ಣಯ ತಪ್ಪು ಅಂತ ವಿಷಾದ ಹೇಳ್ತು. ನಾನೂ ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ತಾಯಂದಿರಿಗೆ "ಸೈನ್ ಮಾಡೋ ಮಕ್ಕಳ ಜೊತೆ ಬಿಡಬೇಡಿ" ಅಂತಾನೇ ಹೇಳ್ತಿದ್ದೆ. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಲ್ಲಿ ಒಬ್ಬಳು ನಿಮ್ಮ ತಮ್ಮನ ವಯಸ್ಸಿಗೆ ನನ್ನನ್ನ ಹುಡುಕ್ಕೊಂಡು ಬಂದು "ನನಗೆ ಹದಿನೆಂಟು ವರ್ಷ ಆಗೋವರೆಗೂ ಒಬ್ಬರೂ ಫ್ರೆಂಡ್ ಇರ್ಲಿಲ್ಲ ಮೇಡಂ" ಅಂತ ಚೀಟಿ ಬರೆದು ತೋರಿಸಿದ್ಲು. ಆ ಚೀಟಿ ಇನ್ನೂ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ. ಅವತ್ತಿಂದ ಆ ಸಲಹೆ ಕೊಡೋದು ನಿಲ್ಲಿಸಿದೆ.

23ನೇ ವಯಸ್ಸಲ್ಲಿ ಕಲಿತ ಮಾತು ಫ್ರೆಂಡ್ಸ್ ಜೊತೆ ಸೈನ್ ಮಾಡಿದ್ದಕ್ಕೆ ಅಳಿಸಿಹೋಗಲ್ಲ. ಬಳಸದೆ ಇದ್ರೆ ಸ್ಪಷ್ಟತೆ ಕಮ್ಮಿ ಆಗಬಹುದು, ಅದು ನಿಜ, ಆದ್ರೆ ಬಳಸಬೇಕಾಗಿರೋ ಜಾಗ ನಿಮ್ಮ ಮನೆ. ಒಂದು ಸಲ ಎಣಿಸಿ ನೋಡಿ, ಒಂದು ದಿನದಲ್ಲಿ ಮನೆಯವರು ಅವನ ಜೊತೆ ಎಷ್ಟು ಮಾತಾಡ್ತಾರೆ? ಊಟ ಆಯ್ತಾ, ಲೈಟ್ ಆರಿಸು, ಅಂಗಡಿಯಿಂದ ಹಾಲು ತಾ. ನಾನು ನೋಡಿರೋ ಬಹಳಷ್ಟು ಮನೆಗಳಲ್ಲಿ ಇಷ್ಟೇ.

ತುಟಿ ನೋಡಿ ಅರ್ಥ ಮಾಡ್ಕೋತಾನಲ್ಲ, ಸಾಕಲ್ವಾ ಅಂತ ನೀವು ಅಂದ್ಕೊಂಡಿರಬಹುದು. ಇವತ್ತು ಕನ್ನಡಿ ಮುಂದೆ ನಿಂತು ದನಿ ಬಿಡದೆ ಮರ, ಬರ, ಪರ ಅಂತ ಹೇಳಿ ನೋಡಿ. ತುಟಿ ಮೂರಕ್ಕೂ ಒಂದೇ ಥರ ಮುಚ್ಚಿ ತೆರೆಯುತ್ತೆ. ಕ, ಗ, ಹ ಇವೆಲ್ಲ ಬಾಯೊಳಗೆ ಹಿಂದೆ ಹುಟ್ಟೋ ಅಕ್ಷರ, ಹೊರಗೆ ಏನೂ ಕಾಣಲ್ಲ. ಹಾಗಾಗಿ ಅವನು ಅರ್ಧಂಬರ್ಧ ನೋಡಿ ಉಳಿದಿದ್ದನ್ನ ಊಹೆ ಮಾಡ್ತಾನೆ, ಒಬ್ಬರೇ ಎದುರಿಗೆ ಕೂತು ನಿಧಾನಕ್ಕೆ ಮಾತಾಡಿದ್ರೆ ಊಹೆ ಸರಿಹೋಗುತ್ತೆ, ನಾಲ್ಕು ಜನ ಸೇರಿ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕೋಕೆ ಶುರು ಮಾಡಿದ್ರೆ ಯಾರ ಮುಖ ನೋಡ್ಬೇಕು ಅಂತಾನೇ ಗೊತ್ತಾಗಲ್ಲ. ಮದುವೆ ಮನೇಲಿ ಮೂಲೆ ಸೇರೋದು ಇದಕ್ಕೇ. ಎಲ್ಲರೂ ನಕ್ಕಾಗ "ಏನು" ಅಂತ ಕೇಳ್ತಾನೆ, "ಆಮೇಲೆ ಹೇಳ್ತೀನಿ" ಅಂತೀರಿ, ಆಮೇಲೆ ಯಾರೂ ಹೇಳಲ್ಲ. ಹತ್ತು ವರ್ಷ ಇದೇ ನಡೆದ ಮೇಲೆ ಅವನು ಕೇಳೋದನ್ನೇ ಬಿಡ್ತಾನೆ.

ಈಗ ನೆಟ್‌ವರ್ಕಿಂಗ್ ವಿಷ್ಯಕ್ಕೆ ಬರ್ತೀನಿ. ಕನ್ನಡದಲ್ಲಿ ನಾವು "ಕಿವಿಗೆ ಬಿತ್ತು" ಅಂತೀವಲ್ಲ, ಆ ಮಾತಲ್ಲೇ ಎಲ್ಲ ಇದೆ. ಹುಡುಕಿದ್ದಲ್ಲ, ಕೇಳಿದ್ದಲ್ಲ, ಸುಮ್ನೆ ಬಿತ್ತು. ನಿಮ್ಮ ಬ್ಯಾಂಕ್ ಕೆಲಸದ ದಾರಿ ಒಂದ್ಸಲ ನೆನಪು ಮಾಡ್ಕೊಳ್ಳಿ. ಯಾವ ಕೋಚಿಂಗ್ ಒಳ್ಳೇದು ಅಂತ ಬಸ್ಸಲ್ಲಿ ಯಾರೋ ಮಾತಾಡಿದ್ದು, ಅರ್ಜಿ ಕರೆದಿದ್ದಾರೆ ಅಂತ ಪಕ್ಕದ ಮನೆಯವರು ಅಪ್ಪನಿಗೆ ಹೇಳ್ತಿದ್ದಿದ್ದು, ಇಂಟರ್‌ವ್ಯೂಗೆ ಏನು ಕೇಳ್ತಾರೆ ಅಂತ ಸೀನಿಯರ್ ಯಾರಿಗೋ ವಿವರಿಸ್ತಿದ್ದಿದ್ದು, ಇಂಥವು ನಿಮಗೆ ಗೊತ್ತಿಲ್ಲದೇನೇ ನಿಮ್ಮೊಳಗೆ ಸೇರಿರುತ್ತೆ. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಇದನ್ನ ಬರೆದ, ಕೆಲಸದ ಸುದ್ದಿ ಹೆಚ್ಚಾಗಿ ಬರೋದು ಹತ್ತಿರದ ಸ್ನೇಹಿತರಿಂದ ಅಲ್ಲ, ಅಪರೂಪಕ್ಕೆ ಸಿಗೋ ಪರಿಚಯದವರಿಂದ, ಯಾಕಂದ್ರೆ ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ಹೊಸ ಸುದ್ದಿ ಹೊರಗಿಂದಾನೇ ಬರಬೇಕು. ಆ ಹೊರಗಿನ ಸುದ್ದಿ ನಮಗೆಲ್ಲ ಕಿವಿಯಿಂದ ಬರುತ್ತೆ. ನಿಮ್ಮ ತಮ್ಮನಿಗೆ ಬೀಳೋಕೆ ಕಿವಿನೇ ಇಲ್ಲ, ಅವನಿಗೆ ಬರೋದೆಲ್ಲ ಯಾರಾದ್ರೂ ಅವನ ಕಡೆ ತಿರುಗಿ ಹೇಳಿದ್ರೆ ಮಾತ್ರ. ಹಾಗಾಗಿ ನಮಗೆ ತಾನಾಗಿ ಬೆಳೆಯೋ ಪರಿಚಯಗಳನ್ನ ಅವನು ಒಂದೊಂದಾಗಿ ಕೈಯಿಂದ ಕಟ್ಕೋಬೇಕು. ಆ ಐದಾರು ಗಂಟೆ ವಿಡಿಯೋ ಕಾಲ್‌ನಲ್ಲಿ ಒಂದಷ್ಟು ಹರಟೆ ಇರುತ್ತೆ, ಇರಲಿ, ಎಲ್ಲರಿಗೂ ಬೇಕು, ಆದ್ರೆ ಇನ್ನೊಂದಷ್ಟು ಆ ಕಟ್ಟೋ ಕೆಲಸ.

ಅಲ್ಲಿ ಏನು ಹರಿದಾಡುತ್ತೆ ಅಂತ ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಬೆಂಗಳೂರಲ್ಲಿ ಒಂದು ಭಾನುವಾರ ಡೆಫ್ ಮೀಟಿಂಗ್ ಮುಗೀತು, ಏಳೂವರೆ ಆಗಿತ್ತು, ಹಾಲ್ ಬಾಗಿಲು ಹಾಕಿದ್ರು. ನಾವಾದ್ರೆ ಕತ್ತಲಲ್ಲೇ ಮಾತಾಡ್ತಾ ಬಸ್ ಸ್ಟಾಪ್‌ಗೆ ನಡೀತೀವಿ. ಅವರಿಗೆ ಕತ್ತಲಾದ್ರೆ ಮಾತು ನಿಂತಂಗೆ, ಕೈ ಕಾಣಬೇಕಲ್ಲ, ಹಾಗಾಗಿ ಎಲ್ಲರೂ ಎದುರಿಗಿದ್ದ ಬೇಕರಿಯ ಟ್ಯೂಬ್‌ಲೈಟ್ ಕೆಳಗೆ ಹೋಗಿ ನಿಂತ್ರು. ಒಬ್ಬ ಹುಡುಗನ ಕೈಲಿ ಟೀ ಲೋಟ. ತನ್ನ ಸರದಿ ಬಂದಾಗ ಲೋಟನ ಸ್ಕೂಟರ್ ಸೀಟ್ ಮೇಲೆ ಇಡ್ತಿದ್ದ, ಎರಡೂ ಕೈಯಲ್ಲಿ ಹೇಳಿ ಮುಗಿಸಿ ಮತ್ತೆ ಎತ್ಕೋತಿದ್ದ, ಕೊನೆಗೆ ಟೀ ತಣ್ಣಗಾಗಿ ಹಾಗೇ ಉಳೀತು. ಅವನು ಹೇಳ್ತಿದ್ದಿದ್ದು ಸಂಬಳದ ವಿಷ್ಯ, ಪಿಎಫ್ ಅಂತ ತಿಂಗಳಾ ತಿಂಗಳಾ ಹಿಡೀತಾರೆ, ಎಲ್ಲಿ ಹೋಗುತ್ತೆ ಗೊತ್ತಿಲ್ಲ, ಮ್ಯಾನೇಜರ್‌ನ ಕೇಳಿದ್ರೆ ಕೈ ಆಡಿಸಿ ಕಳಿಸ್ತಾರೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಐವತ್ತು ದಾಟಿದವರು, ಅವನ ಮೊಬೈಲ್ ಇಸ್ಕೊಂಡು ಯುಎಎನ್ ಅನ್ನೋ ಪಿಎಫ್ ನಂಬರ್ ಹಾಕಿ ಪಾಸ್‌ಬುಕ್ ತೆಗೆದು ತೋರಿಸಿದ್ರು, ಅದನ್ನ ನೋಡೋಕೆ ಸುತ್ತ ನಿಂತಿದ್ದ ಏಳೆಂಟು ಜನ ತಮ್ಮ ತಮ್ಮ ಮೊಬೈಲ್ ತೆಗೆದ್ರು. ಬೇಕರಿಯವರು ಶಟರ್ ಎಳೆಯೋವರೆಗೂ ಅಲ್ಲೇ ಇದ್ರು. ಯಾವ ಟ್ರೈನಿಂಗ್ ಸೆಂಟರ್‌ನಲ್ಲಿ ನಾನು ಇದನ್ನ ಇಷ್ಟು ಚೆನ್ನಾಗಿ ಕಲಿಸಿದ್ದೆ ಹೇಳಿ?

ಇನ್ನೊಬ್ಬ ಹುಡುಗ ಗೋಡೌನ್‌ನಲ್ಲಿ ಕೆಲಸ ಮಾಡ್ತಿದ್ದ, ಅಲ್ಲಿ ಫೈರ್ ಅಲಾರ್ಮ್ ಬರೀ ಸದ್ದು. ಗ್ರೂಪಲ್ಲಿ ಬೇರೆ ಕಂಪನಿಯ ಹುಡುಗಿ ತಮ್ಮಲ್ಲಿ ಮಿಣುಕೋ ಲೈಟ್ ಹಾಕಿಸಿದ ಫೋಟೋ ಕಳಿಸಿದ್ಲು, ಇವನು ಅದನ್ನೇ ಸೂಪರ್‌ವೈಸರ್‌ಗೆ ತೋರಿಸಿದ, ಎರಡು ವಾರದಲ್ಲಿ ಹಾಕಿದ್ರು. ಕೇಳಬಹುದು ಅಂತಾನೇ ಅವನಿಗೆ ಅದುವರೆಗೆ ಗೊತ್ತಿರ್ಲಿಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟೋದು ಕಿವಿ ಕೇಳೋ ತಂದೆತಾಯಿಗೆ. ಅಂದ್ರೆ ದೊಡ್ಡವನಾದ ಒಬ್ಬ ಡೆಫ್ ಮನುಷ್ಯ ಹೇಗೆ ಬದುಕ್ತಾನೆ, ಬ್ಯಾಂಕ್‌ಗೆ ಹೇಗೆ ಹೋಗ್ತಾನೆ, ಹೆಂಡತಿ ಮಕ್ಕಳ ಜೊತೆ ಹೇಗಿರ್ತಾನೆ ಅಂತ ನೋಡೋಕೆ ಮನೇಲಿ ಯಾರೂ ಇರಲ್ಲ. ಅದನ್ನ ಅವನು ನೋಡೋಕೆ ಸಾಧ್ಯ ಇರೋದು ಆ ಬೇಕರಿ ಲೈಟ್ ಕೆಳಗೇ.

ಜೊತೆಯಾಗಿ ನಿಂತ್ರೆ ದೊಡ್ಡ ಬಾಗಿಲೂ ತೆರೆಯುತ್ತೆ. ಕಿವಿ ಕೇಳದವರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡಲ್ಲ ಅಂತ ಆರ್‌ಟಿಒಗಳು ವಾಪಸ್ ಕಳಿಸ್ತಿದ್ದ ಕಾಲದಲ್ಲಿ ಡೆಫ್ ಜನರ ರಾಷ್ಟ್ರೀಯ ಸಂಘಟನೆ ಕೋರ್ಟಿಗೆ ಹೋಗಿದ್ದಕ್ಕೇ 2011ರಲ್ಲಿ ದೆಹಲಿ ಹೈಕೋರ್ಟ್, ಟೆಸ್ಟ್ ಪಾಸ್ ಮಾಡಿದ್ರೆ ಕೊಡಬೇಕು ಅಂತ ಹೇಳಿದ್ದು. ಒಬ್ಬೊಬ್ಬರೇ ಕೌಂಟರ್ ಮುಂದೆ ನಿಂತಿದ್ರೆ ಅದು ಆಗ್ತಿರ್ಲಿಲ್ಲ.

ಆದ್ರೆ ನಿಮ್ಮ ಅಪ್ಪನ ಭಯದಲ್ಲಿ ಸತ್ಯಾಂಶ ಇಲ್ಲ ಅಂತ ನಾನು ಹೇಳಲ್ಲ. ಡೆಫ್ ಗ್ರೂಪ್‌ಗಳಲ್ಲಿ ನಂಬಿಕೆ ಬಹಳ ಗಟ್ಟಿ, ನಮ್ಮವನು ಹೇಳಿದ ಅಂದ್ರೆ ಮುಗೀತು, ಆ ನಂಬಿಕೆನ ದುಡ್ಡು ಮಾಡ್ಕೊಳ್ಳೋರು ಇದ್ದಾರೆ. ಅಮೆರಿಕದ ಹವಾಯಿಯಲ್ಲಿ ಸ್ವತಃ ಡೆಫ್ ಆಗಿದ್ದ ವ್ಯಕ್ತಿಯೊಬ್ಬ ಡೆಫ್ ಜನರಿಂದಾನೇ ಹೆಚ್ಚಿನ ಬಡ್ಡಿ ಆಸೆ ತೋರಿಸಿ ಸುಮಾರು 44 ಲಕ್ಷ ಡಾಲರ್ ಎತ್ತಿದ್ದ, 2009ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರು ಕೇಸ್ ಹಾಕಿದ್ರು. ನಮ್ಮಲ್ಲೂ ಚೈನ್ ಸ್ಕೀಮ್‌ಗೆ ಹತ್ತಿರದ ಫ್ರೆಂಡ್ ಮಾತು ಕೇಳಿ ಆರು ತಿಂಗಳ ಸಂಬಳ ಹಾಕಿ ಕಳ್ಕೊಂಡ ಹುಡುಗರನ್ನ ಕೂರಿಸ್ಕೊಂಡು ಸೈಬರ್ ದೂರು ಬರೆಸಿದ್ದೀನಿ. ಪೇಪರ್ ಓದೋಕೆ ಭಾಷೆ ಕಷ್ಟ, ಟಿವಿ ನ್ಯೂಸ್ ಕೇಳಲ್ಲ, ಹಾಗಾಗಿ ಎಚ್ಚರಿಕೆಯ ಸುದ್ದಿ ತಡವಾಗಿ ಮುಟ್ಟುತ್ತೆ. ತಮ್ಮನಿಗೆ ಈ ಒಂದು ನಿಯಮ ಹೇಳಿಕೊಡಿ, ದುಡ್ಡು, ಓಟಿಪಿ, ಆಧಾರ್ ಕಾಪಿ, ಈ ಮೂರರಲ್ಲಿ ಯಾವುದು ಯಾರು ಕೇಳಿದ್ರೂ ಮೊದಲು ಅಕ್ಕನಿಗೆ ಸ್ಕ್ರೀನ್‌ಶಾಟ್. ನೀವು ಬ್ಯಾಂಕಲ್ಲಿರೋರು, ನಿಮ್ಮ ಮಾತಿಗೆ ತೂಕ ಇರುತ್ತೆ. ಬೈಬೇಡಿ ಮಾತ್ರ, ಒಂದು ಸಲ ಬೈದ್ರೆ ಎರಡನೇ ಸಲ ತೋರಿಸಲ್ಲ.

ಇನ್ನೊಂದು ಮಿತಿನೂ ಇದೆ, ಇದನ್ನ ಡೆಫ್ ಯುವಕರಿಗೇ ನಾನು ಹೇಳ್ತಿರ್ತೀನಿ. ಬರೀ ಡೆಫ್ ಬಳಗ ಒಂದೇ ಇದ್ರೆ ಎಲ್ಲರೂ ಒಂದೇ ಥರದ ಕೆಲಸಕ್ಕೆ ಹೋಗ್ತಾರೆ. ಒಬ್ಬ ಪ್ಯಾಕಿಂಗ್‌ಗೆ ಸೇರಿದ್ರೆ ಹತ್ತು ಜನ ಪ್ಯಾಕಿಂಗ್‌ಗೆ, ಒಬ್ಬ ಹೋಟೆಲ್‌ಗೆ ಸೇರಿದ್ರೆ ಉಳಿದೋರೂ ಅಲ್ಲಿಗೇ. ಕೆಲಸ ಕೆಟ್ಟದ್ದು ಅಂತಲ್ಲ, ಡಿಪ್ಲೊಮಾ ಓದಿದವನಿಗೆ ಅವನ ಓದಿಗೆ ತಕ್ಕ ಬಾಗಿಲು ಆ ಬಳಗದಲ್ಲಿ ಯಾರಿಗೂ ಗೊತ್ತಿಲ್ಲದೆ ಇರಬಹುದು. ಅದಕ್ಕೆ ಎರಡನೇ ಬಳಗ ಬೇಕು, ಕಿವಿ ಕೇಳೋರದ್ದು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಡೆಫ್ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟ್ ಮುಂದೆ ಇಂಟರ್‌ಪ್ರಿಟರ್, ಅಂದ್ರೆ ಸನ್ನೆಯನ್ನ ಮಾತಿಗೆ, ಮಾತನ್ನ ಸನ್ನೆಗೆ ತಿರುಗಿಸಿ ಹೇಳೋರ ಸಹಾಯದಿಂದ ಹಾಜರಾಗಿದ್ದು ನೀವು ಓದಿರ್ತೀರಿ. ಅವತ್ತು ಇಂಟರ್‌ಪ್ರಿಟರ್‌ಗೆ ಅವಕಾಶ ಕೊಡಿ ಅಂತ ಕೇಳಿದ್ದು ಕಿವಿ ಕೇಳೋ ಇನ್ನೊಬ್ಬ ವಕೀಲೆ, ಸಂಚಿತಾ ಐನ್. ಸಾರಾ ಅವರ ಓದು, ಪ್ರತಿಭೆ, ಹಟ ಎಲ್ಲ ಅವರದೇ, ಆದ್ರೆ ಬಾಗಿಲ ಹತ್ರ ನಿಂತು ಇವರಿಗೂ ದಾರಿ ಬಿಡಿ ಅನ್ನೋಕೆ ಒಳಗಿನವರು ಒಬ್ಬರು ಬೇಕಾಯ್ತು.

ಹಾಗಾದ್ರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ತಡೆಯೋದು ಒಂದು. ಮೊಬೈಲ್ ಕಿತ್ಕೊಂಡು ಬೆಂಗಳೂರು ಬೇಡ ಅಂದುಬಿಡೋದು. ಇದು ನನಗೆ ಎಲ್ಲಕ್ಕಿಂತ ಅಪಾಯದ ದಾರಿ ಅನ್ಸುತ್ತೆ, ಯಾಕಂದ್ರೆ ಸದ್ಯಕ್ಕೆ ಅವನು ಪೂರ್ತಿ ಮನಸ್ಸು ಬಿಚ್ಚಿ ಮಾತಾಡೋ ಜಾಗ ಅದೊಂದೇ, ಅದನ್ನೂ ತೆಗೆದ್ರೆ ಒಂಟಿತನ, ಸಿಟ್ಟು, ಖಿನ್ನತೆ, ಕೊನೆಗೆ ಹೇಳದೆ ಮನೆ ಬಿಟ್ಟು ಹೋಗೋದು, ನಾನು ಇವೆಲ್ಲ ನೋಡಿದ್ದೀನಿ.

ಎರಡನೇದು, ಹೋಗು ಅಂತ ಬೆಂಗಳೂರಿಗೆ ಕಳಿಸಿ ಕೈ ತೊಳ್ಕೊಳ್ಳೋದು. ಕೆಲವರಿಗೆ ಇದು ಸರಿಹೋಗುತ್ತೆ, ಆದ್ರೆ ಪಿಜಿ ಬಾಡಿಗೆ, ಗೊತ್ತಿಲ್ಲದ ಊರು, ಮೊದಲ ಕೆಲಸ ಕೈಕೊಟ್ರೆ ಹೇಳ್ಕೊಳ್ಳೋಕೆ ಮನೆಯವರ ಜೊತೆ ಭಾಷೆನೇ ಇಲ್ಲ.

ನಾನು ಹೇಳೋದು ಎರಡೂ ಬಳಗ ಒಟ್ಟಿಗೆ ಕಟ್ಟೋದು. ಭಾನುವಾರದ ಮೀಟಿಂಗ್‌ಗೆ ಹೋಗ್ಲಿ. ಹತ್ತಿರದಲ್ಲಿ ದಾವಣಗೆರೆ, ಹುಬ್ಬಳ್ಳಿ ಕಡೆಯ ಡೆಫ್ ಜನರ ಪರಿಚಯ ಆಗ್ಲಿ, ಅವನಿಗಿಂತ ಹತ್ತು ವರ್ಷ ದೊಡ್ಡವರು, ಮೂರ್ನಾಲ್ಕು ವರ್ಷ ಒಂದೇ ಕಡೆ ಕೆಲಸ ಮಾಡ್ತಿರೋರು ಇಬ್ಬರಾದ್ರೂ ಇರಲಿ. ನಿಮ್ಮ ತಾಲೂಕಲ್ಲಿ ವಿಕಲಚೇತನರ ಇಲಾಖೆಯ ಎಂಆರ್‌ಡಬ್ಲ್ಯೂ, ಅಂದ್ರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು ಇರ್ತಾರೆ, ಅವರನ್ನ ಭೇಟಿ ಮಾಡಿಸಿ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಆಗಿಲ್ಲದಿದ್ರೆ ಅದೂ ಆಗುತ್ತೆ, ಉದ್ಯೋಗ ಮೇಳದ ಸುದ್ದಿ ಮೊದಲು ಬರೋದೂ ಅವರಿಗೇ. ಓದಿದ ಪಾಲಿಟೆಕ್ನಿಕ್‌ನ ಪ್ಲೇಸ್‌ಮೆಂಟ್ ಮೇಷ್ಟ್ರಿಗೆ ವರ್ಷಕ್ಕೆರಡು ಸಲ ಮೆಸೇಜ್ ಹಾಕ್ತಿರಲಿ, ಓದು ಮುಗಿದ ಮೇಲೆ ಹುಡುಗರು ಆ ಸಂಪರ್ಕನ ಯಾಕೋ ಬಿಟ್ಟೇ ಬಿಡ್ತಾರೆ. ಬೆಂಗಳೂರಲ್ಲಿ ಎನೇಬಲ್ ಇಂಡಿಯಾ ಥರ ಅಂಗವಿಕಲರ ಉದ್ಯೋಗಕ್ಕಾಗೇ ಕೆಲಸ ಮಾಡೋ ಸಂಸ್ಥೆ ಇದೆ, ಅಲ್ಲಿ ಹೆಸರು ನೋಂದಾಯಿಸಿ.

ಕಿವಿ ಕೇಳೋರ ಬಳಗ ಕಟ್ಟೋಕೆ ಮಾತು ಚೆನ್ನಾಗಿ ಬರಬೇಕಿಲ್ಲ, ಬರವಣಿಗೆ ಬೇಕು. ಅವನ ಕನ್ನಡ, ಇಂಗ್ಲಿಷ್ ವಾಕ್ಯಗಳು ತಪ್ಪುತಪ್ಪಾಗಿದ್ರೆ ಗಾಬರಿ ಬೇಡ. ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ, ನಮ್ಮ ಭಾಷೆ ಅವನಿಗೆ ಕಿವಿಯಿಂದ ಬಂದಿದ್ದಲ್ಲ, ಪುಸ್ತಕದಿಂದ ಕಷ್ಟಪಟ್ಟು ಕಲಿತಿದ್ದು. ನೀವಿಬ್ಬರೂ ಕೂತು ನಾಲ್ಕು ಮೆಸೇಜ್ ತಯಾರು ಮಾಡಿಡಿ, ಪರಿಚಯ ಮಾಡ್ಕೊಳ್ಳೋದು, ಕೆಲಸ ಇದೆಯಾ ಅಂತ ಕೇಳೋದು, ಥ್ಯಾಂಕ್ಸ್, ಮತ್ತೆ ನೆನಪಿಸೋದು. ಮೊದಲ ಮೆಸೇಜಲ್ಲೇ "ನಾನು ಡೆಫ್, ಫೋನ್ ಕಾಲ್ ಬೇಡ, ವಾಟ್ಸಾಪ್ ಅಥವಾ ಮೇಲ್ ಮಾಡಿ" ಅಂತ ಬರೀಲಿ. ಮುಚ್ಚಿಟ್ರೆ ಎಚ್‌ಆರ್ ಕಾಲ್ ಮಾಡ್ತಾರೆ, ಇವನು ಎತ್ತಲ್ಲ, ಆಸಕ್ತಿ ಇಲ್ಲ ಅಂತ ಹೆಸರು ತೆಗೀತಾರೆ, ಹೀಗೆ ಕೆಲಸ ತಪ್ಪಿದ ಹುಡುಗರು ಎಷ್ಟೋ ಜನ. ಇಂಟರ್‌ವ್ಯೂಗೆ ಇಂಟರ್‌ಪ್ರಿಟರ್ ಬೇಕಿದ್ರೆ ವಾರ ಮೊದಲೇ ಕೇಳ್ಬೇಕು, ನಮ್ಮಲ್ಲಿ ಅವರು ಬಹಳ ಕಮ್ಮಿ ಇದ್ದಾರೆ. ಎದುರಿನವರ ಮಾತನ್ನ ಮೊಬೈಲ್‌ನಲ್ಲಿ ಬರಹ ಮಾಡಿ ತೋರಿಸೋ ಲೈವ್ ಟ್ರಾನ್ಸ್‌ಕ್ರೈಬ್ ಆಪ್ ಕನ್ನಡದಲ್ಲೂ ಕೆಲಸ ಮಾಡುತ್ತೆ, ಒಬ್ಬರೇ ಎದುರಿಗೆ ಕೂತು ಮಾತಾಡಿದ್ರೆ ಪರವಾಗಿಲ್ಲ, ಗದ್ದಲದಲ್ಲಿ, ಕನ್ನಡ ಇಂಗ್ಲಿಷ್ ಕಲಸಿ ಮಾತಾಡಿದ್ರೆ ತಪ್ಪು ಬರೀತದೆ, ಅದನ್ನೇ ನಂಬಿ ಸಂಬಳದ ಮಾತು ಮುಗಿಸಬಾರದು, ಅಂಕಿಅಂಶ ಎಲ್ಲ ಬರವಣಿಗೆಯಲ್ಲಿ ಕೇಳಬೇಕು.

ಕಾನೂನೂ ತಿಳ್ಕೊಂಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲು, ಅದರಲ್ಲಿ ಶೇ. 1 ಕಿವಿ ಕೇಳದವರಿಗೆ ಮತ್ತು ಕಮ್ಮಿ ಕೇಳೋರಿಗೆ. 20 ಅಥವಾ ಹೆಚ್ಚು ಜನ ಇರೋ ಖಾಸಗಿ ಕಂಪನಿನೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅಂಗವಿಕಲ ಉದ್ಯೋಗಿಗಳ ವಿಷ್ಯ ನೋಡ್ಕೊಳ್ಳೋಕೆ ಒಬ್ಬ ಲಿಯೇಸನ್ ಆಫೀಸರ್ ಇರಬೇಕು. ಸಾಮಾನ್ಯ ಎಚ್‌ಆರ್ ಮೇಲ್‌ಗೆ ಬದಲು ಆ ಆಫೀಸರ್ ಯಾರು ಅಂತ ಕೇಳಿ ಅವರಿಗೆ ಬರೆದ್ರೆ ಉತ್ತರ ಬರೋ ಸಾಧ್ಯತೆ ಜಾಸ್ತಿ, ನನ್ನ ಅನುಭವ ಇದು.

ಮದುವೆ ಬಗ್ಗೆ ಅಪ್ಪನಿಗೆ ಇಷ್ಟು ಹೇಳಿ. ಡೆಫ್ ದಂಪತಿಗೆ ಹುಟ್ಟೋ ಮಕ್ಕಳೆಲ್ಲ ಕಿವುಡರೇ ಆಗ್ತಾರೆ ಅನ್ನೋದು ಸುಳ್ಳು, ಹೆಚ್ಚಿನ ದಂಪತಿಗಳಿಗೆ ಕಿವಿ ಕೇಳೋ ಮಕ್ಕಳೇ ಹುಟ್ತಾರೆ. ಇಬ್ಬರ ಕಿವುಡುತನಕ್ಕೂ ಒಂದೇ ಜೀನ್ ಕಾರಣ ಆಗಿದ್ರೆ ಸಾಧ್ಯತೆ ತುಂಬಾ ಜಾಸ್ತಿ, ಅದನ್ನ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಮೊದಲೇ ತಿಳ್ಕೋಬಹುದು. ಸೋದರ ಸಂಬಂಧದಲ್ಲಿ ಹುಡುಗಿ ತರೋದರಲ್ಲೂ ಇಂಥ ರಿಸ್ಕ್ ಇರಬಹುದು ಅನ್ನೋದು ನಮ್ಮ ಕಡೆ ಯಾರೂ ಯೋಚನೆ ಮಾಡಲ್ಲ. ಉಳಿದಂತೆ ಗಂಡ ಹೆಂಡತಿ ಒಂದೇ ಭಾಷೆಯಲ್ಲಿ ಜಗಳ ಆಡೋಕೆ, ನಗೋಕೆ ಆಗೋ ಮನೆ ಚೆನ್ನಾಗೇ ಇರುತ್ತೆ.

ಇನ್ನು ಅವ್ವನ ಪ್ರಶ್ನೆ. ಅವನು ದೂರ ಹೋಗ್ತಿದ್ದಾನೆ ಅನ್ಸೋದು ನಿಜ ಇರಬಹುದು, ಆದ್ರೆ ಎಳೀತಿರೋದು ಆ ಹುಡುಗರಲ್ಲ, ಅಲ್ಲಿ ಮಾತು ಪೂರ್ತಿ ಸಿಗುತ್ತೆ, ಮನೇಲಿ ಅರ್ಧ ಸಿಗುತ್ತೆ ಅಷ್ಟೇ. ಇಷ್ಟು ವರ್ಷ ಅವನೇ ನಿಮ್ಮ ಭಾಷೆಗೆ ಬಂದಿದ್ದಾನೆ, ಏಳು ವರ್ಷ ಥೆರಪಿ ಮಾಡಿ. ಈಗ ನೀವು ಸ್ವಲ್ಪ ಆ ಕಡೆ ನಡೀರಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ವಿಡಿಯೋ ನಿಘಂಟು ಮಾಡಿದ್ದಾರೆ, ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ. ಆದ್ರೆ ಮೊದಲ ಇಪ್ಪತ್ತು ಪದ ಅವನಿಂದಾನೇ ಕಲೀರಿ, ಯಾಕಂದ್ರೆ ಅವನ ಬಳಗದಲ್ಲಿ ನಿಮಗೆಲ್ಲ ಈಗಾಗ್ಲೇ ಸೈನ್ ಹೆಸರು ಇರುತ್ತೆ, ನಿಮ್ಮ ಮೂಗುತಿನೋ ಅಪ್ಪನ ಮೀಸೆನೋ ನೋಡಿ ಇಟ್ಟಿರ್ತಾನೆ, ಅವ್ವನ ಹೆಸರು ಏನು ಅಂತ ಅವ್ವನೇ ಕೇಳ್ಲಿ. ಮುಂದಿನ ಮದುವೆ ಮನೇಲಿ ನಿಮ್ಮಲ್ಲಿ ಒಬ್ಬರು ಸರದಿ ಮೇಲೆ ಅವನ ಎದುರು ಕೂತು, ಯಾರು ಯಾಕೆ ನಕ್ಕರು ಅಂತ ಅದೇ ಕ್ಷಣಕ್ಕೆ ಹೇಳಿ. ನೀವೊಬ್ಬರೇ ಯಾವಾಗ್ಲೂ ಅವನ ಬಾಯಾಗಬೇಡಿ, ಅಂಗಡಿಯಲ್ಲಿ, ಆಫೀಸಲ್ಲಿ ಅವನೇ ಬರೆದು ತೋರಿಸಿ ಮಾತಾಡ್ಲಿ, ಎದುರಿನವರು ನಿಮ್ಮ ಮುಖ ನೋಡಿದ್ರೆ ಅವನ ಕಡೆ ಕೈ ತೋರಿಸಿ.

ಈ ತಿಂಗಳ ಮೀಟಿಂಗ್‌ಗೆ ನೀವೂ ಅವನ ಜೊತೆ ಹೋಗಿ ಬನ್ನಿ, ಸಾಧ್ಯ ಆದ್ರೆ ಅಪ್ಪನನ್ನೂ ಕರ್ಕೊಂಡು ಹೋಗಿ. ನಲವತ್ತು ಜನ ಕೈಯಲ್ಲಿ ಮಾತಾಡ್ತಿರ್ತಾರೆ, ನಗ್ತಿರ್ತಾರೆ, ನಿಮಗೆ ಒಂದು ಪದನೂ ಅರ್ಥ ಆಗಲ್ಲ, ಅಪ್ಪ ಅವನ ಭುಜ ತಟ್ಟಿ "ಏನಂತೆ" ಅಂತ ಕೇಳ್ತಾರೆ. ಅವನು ಏನು ಹೇಳಿದ ಅಂತ ನನಗೆ ಬರೀರಿ.